ಗುಂಡಿ ಹಾಕದ ಅಂಗಿ

ಎಮ್ರಿಸ್ ಪ್ರಾಸರ್‌ಗೆ ಒಂದು ಕೆಟ್ಟ ಚಾಳಿ. ‘ಹೇಗಿದ್ದೀಯ’ ಎಂದು ಯಾರೇ ಕೇಳಲಿ, ‘ಪರವಾಗಿಲ್ಲ, ದೂರೋಕೇನಿಲ್ಲ’ ಎನ್ನುತ್ತಿದ್ದ. ಸಂಧಿವಾತಕ್ಕೆ ಬೆರಳುಗಳು ಶುಂಠಿ ಕೊಂಬಿನಂತೆ ಸೊಟ್ಟಗಾಗಿ, ಬಸ್ ಓಡಿಸುವ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಚಾಳಿ ಹೋಗಲಿಲ್ಲ. ವೇಲ್ಸಿನ ಆ ಕಣಿವೆಯಲ್ಲಿ ಎಲ್ಲರೂ ಅದೇ ತಳಿ. ಗಣಿಯ ದೂಳು ಕುಡಿದ ಅವನಪ್ಪ ಸಾಯುವ ದಿನವೂ ‘ಪರವಾಗಿಲ್ಲ’ ಅಂದೇ ಸತ್ತಿದ್ದ.

ಅಂಗವೈಕಲ್ಯ ಭತ್ಯೆಯ ಮರುಪರಿಶೀಲನೆಗೆ ಗುರುವಾರ ಖುದ್ದಾಗಿ ಬರಬೇಕೆಂದು ಕಚೇರಿಯಿಂದ ಕರೆ ಬಂದಿತ್ತು. ಭತ್ಯೆ ಹೋದರೆ ಅದರಿಂದ ಸಿಕ್ಕ, ಹೆಂಡತಿ ಓಡಿಸುವ ಕಾರೂ ಹೋಗುತ್ತದೆ. ಕಾರು ಹೋದರೆ ಮಂಗಳವಾರದ ಗಾಯನವೃಂದವೂ ಹೋದಂತೆ, ಯಾಕೆಂದರೆ ಹಾಡು ನಡೆಯುವ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಏರನ್ನು ಹತ್ತುವ ಮೊಣಕಾಲು ಅವನದಲ್ಲ. ಹಾಡಿಲ್ಲದ ಎಮ್ರಿಸ್‌ನ ಜೊತೆ ಬಾಳುವುದನ್ನು ನೆನೆದರೇ ಹೆಂಡತಿ ಗ್ವೆಂಡಾಳಿಗೆ ದಿಗಿಲು.

ಪಕ್ಕದ ಮನೆಯ ಮಗಳು ನೆರಿಸ್ ಇಂಥ ಅರ್ಜಿಗಳಿಗೆ ನೆರವಾಗುವ ಸಲಹಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ಕಚೇರಿಗೆ ಕೊಡಬೇಕಾದ ಆಸ್ಪತ್ರೆಯ ಪತ್ರ ಓದಿದಳು.

“ಕಾಯಿಲೆ ಹೆಸರೆಲ್ಲ ಸರಿಯಾಗಿದೆ ಆಂಟಿ. ಕೆಳಗೆ ನೋಡಿ. ‘ಅಚ್ಚುಕಟ್ಟಾಗಿ ಉಡುಪು ಧರಿಸಿದ್ದಾರೆ. ಎಲ್ಲವನ್ನೂ ತಾವೇ ನಿಭಾಯಿಸುವುದಾಗಿ ಹೇಳುತ್ತಾರೆ.’ ಹೀಗಂತ ಯಾರು ಹೇಳಿದ್ದು?”

“ನಾನೇ,” ಎಂದ ಎಮ್ರಿಸ್. “ಡಾಕ್ಟರು ಪಾಪ ಒಳ್ಳೇವ್ರು. ಅವರ ಮುಂದೆ ಗೊಣಗೋಕಾಗುತ್ತಾ?”

“ನಿಮ್ಮ ಕಾಲ್ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡಿದ್ದೀರ ಅಂಕಲ್. ಸರಿ, ನನ್ನೇ ಕಚೇರಿಯವಳು ಅಂದ್ಕೊಳ್ಳಿ. ಬೆಳಗ್ಗೆ ಬಟ್ಟೆ ಹೇಗೆ ಹಾಕ್ಕೊಂಡ್ರಿ?”

“ದಿನಾ ಹಾಕ್ಕೊಳ್ಳೋ ಹಾಗೆ.”

“ಗುಂಡಿ ಹಾಕಿದ್ದು ಯಾರು?”

ಎಮ್ರಿಸ್ ತನ್ನ ಎದೆಯನ್ನು ತಾನೇ ನೋಡಿಕೊಂಡ. ಅವನು ಸುಳ್ಳು ಹೇಳಿರಲಿಲ್ಲ. ಹೆಂಡತಿಯ ಕೈಯನ್ನು ತನ್ನ ಕೈಯೆಂದೇ ಎಣಿಸಿ ಎಷ್ಟೋ ವರ್ಷಗಳಾಗಿದ್ದವು.

“ನಾನು ಹಾಕಿದ್ದು,” ಎಂದಳು ಗ್ವೆಂಡಾ. ಹೇಳಿದವಳ ಮುಖ ಸಣ್ಣಗಾಯಿತು. ಪ್ರತಿ ಸಲವೂ ಇಸ್ತ್ರಿ ಮಾಡಿ, ಗಡ್ಡ ಹೆರೆದು, ಟೈ ಕಟ್ಟಿ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜಾಯಮಾನ. “ಡಾಕ್ಟರು ನೋಡಿದ್ದು ನನ್ನ ಇಸ್ತ್ರೀನ. ಇವನ ಕೈಯನ್ನಲ್ಲ.”

“ನಾಳೆ ಊರಿನ ಡಾಕ್ಟರ ಹತ್ರ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ ಹೊಸ ಪತ್ರ ತನ್ನಿ. ಆಂಟಿ, ಬೆಳಗ್ಗೆ ನೀವು ಮಾತ್ರ ಕೈ ಹಾಕ್ಬೇಡಿ.”

ಮರುದಿನ ಬೆಳಗ್ಗೆ ಗ್ವೆಂಡಾ, ನೆರವಿಗೆ ಹೋಗದ ಹಾಗೆ, ತನ್ನ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದಳು. ಕೋಣೆಯೊಳಗೆ ಏನೋ ಬಿತ್ತು. ಚಾಪೆಲ್ಲಿಗೆ ಹೋಗುವವರು ಆಡಬಾರದ ಒಂದು ಮಾತೂ ಕೇಳಿಸಿತು. ಕೊನೆಗೆ ಎಮ್ರಿಸ್ ಹೊರಗೆ ಬಂದ. ಅಂಗಿಯ ಒಂದೇ ಒಂದು ಗುಂಡಿ ಹಾಕಿಕೊಂಡಿದ್ದ, ಅದೂ ತಪ್ಪು ಕಾಜಿಗೆ.

“ಹಿಂಗೆ ಬೀದೀಲಿ ಹೋಗ್ಲಾ ಗ್ವೆನ್? ಎದುರುಮನೆಯವಳು ಪರದೆ ಹಿಂದೇನೇ ಇರ್ತಾಳೆ.”

“ನೋಡ್ಕೊಳ್ಲಿ ಬಿಡು. ಅವಳಿಗೂ ಈ ವಾರ ಆಡ್ಕೊಳ್ಳೋಕೆ ಏನಾದ್ರೂ ಬೇಡ್ವಾ?” ಎಂದಳು. ತಾನಾಗಿ ಮುಂದೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಡಾಕ್ಟರು ಅವನ ಅಂಗಿ ನೋಡಿದರು, ಬೆರಳು ಮಡಿಸಿ ನೋಡಿದರು. ಪೆನ್ನು ಹಿಡಿಸಿದರು, ಕುರ್ಚಿಯಿಂದ ಏಳಿಸಿದರು. ನೋಡಿದ್ದನ್ನೆಲ್ಲ ಪತ್ರದಲ್ಲಿ ಬರೆದುಕೊಟ್ಟರು.

ಗುರುವಾರ ಕಚೇರಿಯಲ್ಲಿ ಪ್ರಶ್ನೆ ಕೇಳಲು ಕೂತ ಹೆಂಗಸಿಗೆ ನೆಗಡಿ. ಮೂಗೊರೆಸಿಕೊಳ್ಳುತ್ತಲೇ ಕೇಳಿದಳು, “ಹೇಗಿದ್ದೀರ ಪ್ರಾಸರ್ ಅವರೆ?”

“ಪರವಾಗಿಲ್ಲ, ದೂರೋಕೇನಿಲ್ಲ.”

ಪಕ್ಕದಲ್ಲಿ ಕೂತಿದ್ದ ಗ್ವೆಂಡಾ ಕಣ್ಣು ಮುಚ್ಚಿಕೊಂಡಳು. ಕಾರು, ಹಾಡು, ಎಲ್ಲ ಆ ಒಂದು ಮಾತಿನಲ್ಲಿ ಮುಳುಗಿತು ಎಂದುಕೊಂಡಳು.

“ತಡೀರಿ, ತಡೀರಿ,” ಎಂದ ಎಮ್ರಿಸ್. “ಅದನ್ನ ಬರ್ಕೋಬೇಡಿ. ನಮ್ಮಪ್ಪ ಸಾಯೋ ದಿನಾನೂ ಅದನ್ನೇ ಹೇಳಿದ್ದ. ಈಗ ನಿಜ ಹೇಳ್ತೀನಿ.”

ಹೇಳಿದ. ಗುಂಡಿಯಿಂದ ಶುರು ಮಾಡಿದ. ತಟ್ಟೆಯ ಮಾಂಸವನ್ನು ಹೆಂಡತಿ ಕತ್ತರಿಸಿ ಕೊಡುವುದು, ಸ್ನಾನದ ತೊಟ್ಟಿಯಿಂದ ಅವಳ ಕತ್ತು ಹಿಡಿದು ಏಳುವುದು, ಒಂದೂ ಬಿಡಲಿಲ್ಲ. ಕೇಳುತ್ತಾ ಗ್ವೆಂಡಾಳಿಗೆ ಮೊದಲು ಅವಮಾನವೆನಿಸಿತು. ಆಮೇಲೆ ತಲೆಹೊರೆಯನ್ನು ಯಾರೋ ಇಳಿಸಿಕೊಂಡ ಹಾಗಾಗಿ ಅಳು ಬಂತು. ಆ ಹೆಂಗಸು ತನ್ನ ಟಿಶ್ಯೂ ಡಬ್ಬಿಯನ್ನು ಇವಳ ಕಡೆ ತಳ್ಳಿದಳು.

ಕೆಲವು ವಾರಗಳ ಮೇಲೆ ಉತ್ತರ ಬಂತು. ಭತ್ಯೆಯೂ ಉಳಿಯಿತು, ಕಾರೂ ಉಳಿಯಿತು. ಗ್ವೆಂಡಾ ನಿಂತೇ ಓದಿ, ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು.

ಮಂಗಳವಾರ ಸಂಜೆ ವೃಂದದ ಫೋಟೋ ತೆಗೆಯುವುದಿತ್ತು; ಎಲ್ಲರೂ ಕೆಂಪು ಕೋಟು ಹಾಕಬೇಕು. ಯಾವಾಗಲೂ ಕಾರಿನಲ್ಲೇ, ಯಾರ ಕಣ್ಣಿಗೂ ಬೀಳದ ಹಾಗೆ, ಗ್ವೆಂಡಾ ಗುಂಡಿ ಹಾಕಿಬಿಡುತ್ತಿದ್ದಳು. ಈ ಸಲ ಅವಳು ಕೈ ಚಾಚುವುದರೊಳಗೆ ಎಮ್ರಿಸ್ ಇಳಿದು, ಕೋಟು ತೆರೆದೇ ಬಾಗಿಲ ಕಡೆ ಹೊರಟ. ಅಲ್ಲಿ ಗೆಳೆಯ ದಿಲ್ವಿನ್ ನಿಂತಿದ್ದ.

“ಹೇಗಿದ್ದೀಯೋ ಎಮ್?”

“ಹಾಳಾಗ್ಹೋಗಿದ್ದೀನಿ ಕಣೋ. ಬಾ ಇಲ್ಲಿ, ಗುಂಡಿ ಹಾಕು.”

“ಅಷ್ಟೇನಾ? ಮುಖ ನೋಡಿ, ಹಾಡಿನ ಸಾಲು ಮರ್ತುಬಿಟ್ಯೇನೋ ಅಂದ್ಕೊಂಡೆ,” ಎಂದು ದಿಲ್ವಿನ್ ತನ್ನ ದೊಡ್ಡ ಹೊಟ್ಟೆ ಹೊತ್ತುಕೊಂಡೇ ಬಗ್ಗಿದ.

ಗ್ವೆಂಡಾ ಕಾರಿನ ಕಿಟಕಿ ಏರಿಸಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು. ಒಳಗೆ ಹಾಡು ಶುರುವಾದಾಗ ಅವಳ ಕೈಗಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಬಿಸಿಯಾಗಿ ಪೂರ್ತಿ ಕುಡಿದಳು.