ಸಹಾಯಕಿಯ ಸಂಬಳ

"ನಿಮಗೆ ತಿಂಗಳಿಗೆ ಸಂಬಳ ಎಷ್ಟು ಬರುತ್ತೆ ಅಮ್ಮ?"

ತೆರಿಗೆ ಕಚೇರಿಯ ಅಧಿಕಾರಿ ಕೇಳಿದ್ದು ಅಷ್ಟೇ. ನಡುವಯಸ್ಸಿನ ಹೆಂಗಸು, ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. ಆದರೂ ಸೋಫಾ ರಿಪೇರಿಯವನಿಗೆ ಕೂತ ಕುರ್ಚಿಯೇ ಕುಸಿದಂತಾಯಿತು. ಅವನ ಹೆಂಡತಿ, ಪ್ರಶ್ನೆ ತನಗಲ್ಲವೇನೋ ಎಂಬಂತೆ ಒಮ್ಮೆ ಹಿಂದೆ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಗಂಡನ ಮುಖ ನೋಡಿದಳು. ಅವನು ಮೇಜಿನ ಕಾಲನ್ನು ನೋಡುತ್ತಿದ್ದ.

ಅಂಗಡಿಯ ಲೆಕ್ಕ ಬರೆಯುವವನು ವರ್ಷಗಳ ಹಿಂದೆ ಹೇಳಿಕೊಟ್ಟ ಉಪಾಯ ಅದು. "ಅಂಗಡೀಲಿ ಒಬ್ಬ ಸಹಾಯಕರು ಇದ್ದಾರೆ ಅಂತ ತೋರಿಸೋಣ. ಸಂಬಳ ಖರ್ಚಿಗೆ ಹೋಗುತ್ತೆ, ಲಾಭ ಇಳಿಯುತ್ತೆ, ತೆರಿಗೇನೂ ಇಳಿಯುತ್ತೆ. ಹೊರಗಿನೋರ ಹೆಸರು ಯಾಕೆ? ಮನೆಯವರದ್ದೇ ಹಾಕೋಣ." ಸೋಫಾ ರಿಪೇರಿಯವನು ತಲೆಯಾಡಿಸಿದ್ದ. ಹೆಂಡತಿಗೆ ಹೇಳಬೇಕೆಂದು ಆಗ ಅನಿಸಲೇ ಇಲ್ಲ. ಅನಿಸುವ ಹೊತ್ತಿಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಕಾಗದದ ಮೇಲೆ ಸಹಾಯಕಿಯ ಸಂಬಳ ವರ್ಷವರ್ಷವೂ ಏರಿತು. ಒಂದು ವರ್ಷ ಬೋನಸ್ಸೂ ಬಂತು. ಅದೇ ವರ್ಷ ಅವಳು ಬಾಣಂತಿ ತಂಗಿಯನ್ನು ನೋಡಿಬರಲು ದುಡ್ಡು ಕೇಳಿದಾಗ, "ಈಗ ಕೈ ಬಿಗಿ ಕಣೇ" ಎಂದಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಕಚೇರಿಯವರು ಸಹಾಯಕಿಯನ್ನೂ ಕರೆದುಕೊಂಡು ಬನ್ನಿ ಎಂದಾಗ ಅವನ ಜೀವ ಬಾಯಿಗೆ ಬಂದಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಹೇಳಿಬಿಡೋಣ ಎಂದು ಎರಡು ಮೂರು ಸಲ ಗಂಟಲು ಸರಿಮಾಡಿಕೊಂಡ. ಪ್ರತಿ ಸಲವೂ ಬಾಯಿಗೆ ಬಂದದ್ದು ಬೇರೆಯೇ. ಟ್ರಾಫಿಕ್ಕು, ಕಿಟಕಿಯ ಗಾಳಿ, ರೆಕ್ಸಿನ್ ಬೆಲೆ. ಇಳಿಯುವಾಗ ಮಾತ್ರ, "ಏನೋ ಕೇಳ್ತಾರಂತೆ, ಹೂಂ ಅಂದುಬಿಡು" ಎಂದ. ಅವಳು ಅಂಗಡಿಯ ದಾರದ ತುಣುಕು ಬಟ್ಟೆಗೆ ಅಂಟಿದೆಯೇನೋ ಎಂದು ಮೈಮೇಲೆ ನೋಡಿಕೊಳ್ಳುತ್ತಿದ್ದಳು.

"ಲೆಕ್ಕದಲ್ಲಿ ಎಷ್ಟಿದೆಯೋ ಅಷ್ಟೇ ಮೇಡಂ," ಎಂದಳು ಈಗ.

ಅಧಿಕಾರಿ ತಲೆ ಎತ್ತಿದರು. "ಏನು ಕೆಲಸ ಮಾಡ್ತೀರಿ ಅಲ್ಲಿ?"

ಇದಕ್ಕೆ ಅವಳು ಯಾರ ಮುಖವನ್ನೂ ನೋಡಬೇಕಿರಲಿಲ್ಲ. "ಹಳೇ ಬಟ್ಟೆ ಬಿಚ್ಚೋದು ನಾನೇ. ತುಕ್ಕು ಹಿಡಿದ ಪಿನ್ನುಗಳಿರುತ್ತಲ್ಲ, ಇವರು ಕೀಳೋಕೆ ಹೋದ್ರೆ ಮರಾನೇ ಸೀಳ್ತಾರೆ, ತಾಳ್ಮೆ ಇಲ್ಲ. ಅಳತೆ, ಕತ್ತರಿಸೋದು, ಹೊಲಿಗೆ, ಎಲ್ಲ ನಾನು. ಸ್ಪಂಜು ಕೂರಿಸಿ ಬಟ್ಟೆ ಎಳೆದು ಬಿಗಿಯೋದು ಇವರು. ಅದಕ್ಕೆ ಕೈಯಲ್ಲಿ ಬಲ ಬೇಕು. ನನಗೂ ಬರುತ್ತೆ, ಇವರಿಗೆ ಬೆನ್ನು ಹಿಡ್ಕೊಂಡಾಗ ನಾನೇ ಮಾಡಿದ್ದೀನಿ."

"ಸಂಬಳ ಕೈಗೇ ಕೊಡ್ತಾರಾ?"

"ಹೂಂ ಮೇಡಂ."

"ಏನು ಮಾಡ್ತೀರಿ ಆ ದುಡ್ಡಲ್ಲಿ?"

ಅವಳ ಕಿವಿ ಕೆಂಪಾಯಿತು. "ಖರ್ಚಾಗುತ್ತೆ," ಎಂದಳು. ಗಿರಾಕಿ ತಪ್ಪಿ ಹೆಚ್ಚು ಕೊಟ್ಟರೆ ಬೀದಿಯ ತುದಿಯವರೆಗೂ ಓಡಿಹೋಗಿ ವಾಪಸ್ಸು ಕೊಟ್ಟು ಬರುವವಳು. ಅವಳು ಸುಳ್ಳು ಹೇಳುವುದನ್ನು ಅವನು ಎಂದೂ ನೋಡಿರಲಿಲ್ಲ.

"ಕೊಟ್ಟಿಲ್ಲ ಮೇಡಂ," ಎಂದ ಸೋಫಾ ರಿಪೇರಿಯವನು. ದನಿಯ ಗುರುತು ಅವನಿಗೇ ಸಿಗಲಿಲ್ಲ. "ಒಂದು ತಿಂಗಳೂ ಕೊಟ್ಟಿಲ್ಲ. ಹೆಸರು ಹಾಕಿರೋದು ಅವಳಿಗೆ ಗೊತ್ತೇ ಇಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವನನ್ನಲ್ಲ, ಅವಳನ್ನೇ ನೋಡಿದರು. "ಇಷ್ಟು ಕೆಲಸ ಮಾಡೋರಿಗೆ ನಿಜವಾಗಿ ಸಂಬಳ ಕೊಟ್ಟಿದ್ರೆ ನಾನು ನಿಮ್ಮನ್ನ ಕರೆಸ್ತಾನೇ ಇರಲಿಲ್ಲ. ಹೆಂಡತಿಗೆ ಸಂಬಳ ಕೊಡೋದು ತಪ್ಪಲ್ಲ. ಕೊಡದೇ ಕೊಟ್ಟೆ ಅಂತ ಬರೆಸಿದ್ರಲ್ಲ, ಅದು ತಪ್ಪು." ತಪ್ಪಿಸಿದ ತೆರಿಗೆಯನ್ನು ದಂಡದ ಸಮೇತ ಕಟ್ಟಬೇಕು, ಕಂತುಗಳಲ್ಲಿ ಕಟ್ಟಬಹುದು ಎಂದು ವಿವರಿಸಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಮೆಟ್ಟಿಲಿಳಿಯುವಾಗ ಅವನೇ ಮೊದಲು ಮಾತಾಡಿದ. "ಹೇಳಿಬಿಟ್ಟೆ. ಮನಸ್ಸು ಹಗುರಾಯ್ತು."

"ನಿಮ್ಮದು ಆಯ್ತು."

ಅವಳು ಕಂಬಿ ಹಿಡಿದು ನಿಂತಳು. ಮೇಲಿಂದ ಇಳಿಯುತ್ತಿದ್ದವರು ಸುತ್ತಿಕೊಂಡು ಹೋದರು. "ಬಸ್ಸಲ್ಲಿ ನಾನು ಪಕ್ಕದಲ್ಲೇ ಕೂತಿದ್ನಲ್ಲ ರೀ. ನನಗೆ ಹೇಳೋಕೆ ಬಾಯಿ ಬರಲಿಲ್ಲ, ಅವರ ಮುಂದೆ ಬಂತು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿ ನೀವು ಸತ್ಯವಂತರಾದ್ರಿ."

"ನಾನು ಹೇಳಿಸಲಿಲ್ಲ…"

"ಹೂಂ ಅಂದುಬಿಡು ಅಂದೋರು ಯಾರು?"

ಹಿಂತಿರುಗುವ ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಅವಳು ಹೋಗಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಅವನು ಅಷ್ಟು ದೂರವೂ ಅವಳ ಹೆರಳನ್ನು ನೋಡುತ್ತಾ ಬಂದ.

ಮಧ್ಯಾಹ್ನ ಅಂಗಡಿ ತೆಗೆದರು. ಅರ್ಧ ಮಾಡಿಟ್ಟ ಕೆಲಸ ಹಾಗೇ ಬಿದ್ದಿತ್ತು. ಇಬ್ಬರೂ ತಮ್ಮ ತಮ್ಮ ಮೂಲೆ ಸೇರಿದರು. ಸ್ವಲ್ಪ ಹೊತ್ತಿಗೆ ಎದುರಿನ ಔಷಧಿ ಅಂಗಡಿಯವನು ಹರಿದ ಕುರ್ಚಿಯೊಂದನ್ನು ಹೊತ್ತು ತಂದ. ಬೆಲೆ ಹೇಳುವುದು ಯಾವಾಗಲೂ ಅವಳೇ ಎಂದು ಗೊತ್ತಿದ್ದವನು, ನೇರ ಹೊಲಿಗೆ ಯಂತ್ರದ ಮುಂದೆ ಕುರ್ಚಿ ಇಳಿಸಿದ.

"ಎಷ್ಟಾಗುತ್ತಮ್ಮಾ? ಹೋದ ಸಲದ ಹಾಗೆ ಕತ್ತು ಕುಯ್ಯಬೇಡಿ."

ಅವಳು ತಲೆ ಎತ್ತಲಿಲ್ಲ. "ಮಾಲೀಕರನ್ನ ಕೇಳಿ. ನಾನಿಲ್ಲಿ ಸಂಬಳಕ್ಕಿರೋಳು."

ಔಷಧಿ ಅಂಗಡಿಯವನು ಹೊಟ್ಟೆ ಕುಲುಕಿಸಿ ನಕ್ಕ. "ಹಾಗಾದ್ರೆ ನೀವೇ ಹೇಳಿ ಮಾಲೀಕರೇ!"

ಬೋರಲು ಹಾಕಿದ ಸೋಫಾದ ಪಕ್ಕ ಗಂಡ ಮೊಣಕಾಲೂರಿ ಕೂತಿದ್ದ. ತುಟಿಗಳ ನಡುವೆ ಸಣ್ಣ ಮೊಳೆಗಳು. ಸುತ್ತಿಗೆ ಕೆಳಗಿಟ್ಟು ಅವನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಹಾಕಿಕೊಳ್ಳತೊಡಗಿದ. ಹೊಲಿಗೆ ಯಂತ್ರ ನಿಂತಿತ್ತು. ಅವಳು ಪಾದ ಪೆಡಲಿನ ಮೇಲೇ ಇಟ್ಟುಕೊಂಡು, ಬಟ್ಟೆಯ ಮೇಲೆ ನೋಟ ನೆಟ್ಟು, ಕಾಯುತ್ತಿದ್ದಳು.