ಹಲ್ಲಿನ ಗುರುತು

ನನ್ನ ಮೈ ಹಾಲೆಮರದ್ದು, ಬಣ್ಣ ಅರಗಿನದ್ದು. ಒಂದು ಪೀಠ, ಅದರ ಮೇಲೊಂದು ಕಂಬ, ಕಂಬಕ್ಕೆ ದೊಡ್ಡದರಿಂದ ಚಿಕ್ಕದರವರೆಗೆ ಐದು ಬಳೆ, ತುದಿಯಲ್ಲಿ ನಗುಮುಖದ ಗುಂಡು ತಲೆ. ಇಷ್ಟೂ ಸೇರಿದರೆ ನಾನು. ಚನ್ನಪಟ್ಟಣದ ಒಂದು ಹೆಂಚಿನ ಮನೆಯಲ್ಲಿ, ಗಿರಗಿರ ತಿರುಗುವ ಯಂತ್ರದ ಮುಂದೆ ಕೂತ ಹೆಂಗಸೊಬ್ಬಳು ನನ್ನನ್ನು ಕಡೆದಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ತಾನಾಗಿ ಹತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಹೊಳಪು ಕೊಡುತ್ತಿದ್ದ ಹುಡುಗಿಗೆ ಅವಳು, "ಇನ್ನೂ ನುಣ್ಣಗೆ ಮಾಡವ್ವ, ಮಗೀನ ಬಾಯಿಗೆ ಹೋಗೋ ಸಾಮಾನು" ಅಂದಳು. ನನ್ನ ಹಣೆಬರಹ ನನಗೆ ಗೊತ್ತಾದದ್ದು ಹಾಗೆ. ಹಣೆಬರಹ ಮೊದಲೇ ಗೊತ್ತಾದರೆ ಕಾಯುವುದು ಎಷ್ಟು ಕಷ್ಟ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಲಾರಿಯಲ್ಲಿ, ಆಮೇಲೆ ಆಟೋದಲ್ಲಿ ಕುಲುಕಾಡಿ ನಾನು ಬಂದು ಸೇರಿದ್ದು ಬಡಗಣ ಸೀಮೆಯ ಒಂದು ನೇಕಾರ ಓಣಿಯ ಅಂಗನವಾಡಿಗೆ. ಜೊತೆಗೆ ಒಂದು ಮರದ ಕುದುರೆ, ಮಣಿಸರ, ಬಣ್ಣದ ಇಟ್ಟಿಗೆಗಳು ಇದ್ದವು. ಅಲ್ಲಿದ್ದದ್ದು ಇಬ್ಬರು ಹೆಂಗಸರು. ಒಬ್ಬರು ಕಾರ್ಯಕರ್ತೆ ದಾಕ್ಷಾಯಣಿ, ಓಣಿಗೆಲ್ಲ 'ಅಕ್ಕಾರು'. ಇನ್ನೊಬ್ಬಳು ಸಹಾಯಕಿ ಹುಸೇನಬಿ. ಅಡುಗೆ, ಕಸ, ಮಕ್ಕಳ ಮೂಗು, ಮೂರೂ ಅವಳ ಪಾಲು. ಅಕ್ಕಾರು ಮೊದಲ ದಿನ ಕುದುರೆಯನ್ನು ಬಿಚ್ಚಿ ಮಕ್ಕಳ ಮುಂದಿಟ್ಟರು. ನನ್ನ ಸರದಿ ನಾಳೆ ಎಂದು ನಾನು ಪ್ಲಾಸ್ಟಿಕ್ ಚೀಲದೊಳಗೇ ಉಬ್ಬಿಹೋಗಿದ್ದೆ. ಆ ನಾಳೆ ಬರಲಿಲ್ಲ, ಯಾಕೆಂದರೆ ಕುದುರೆಯ ಕಾಲು ಮುರಿಯಿತು.

ಮಕ್ಕಳು ಆಡಿದರೆ ಕುದುರೆಯ ಕಾಲು ಮುರಿಯುತ್ತದೆ, ಅದರಲ್ಲೇನು ದೊಡ್ಡ ಮಾತು? ಆದರೆ ತಿಂಗಳ ಸಭೆಯಲ್ಲಿ ಆಗಿನ ಮೇಲ್ವಿಚಾರಕಿ ಆ ಕುದುರೆಯನ್ನು ನಲವತ್ತು ಜನ ಕಾರ್ಯಕರ್ತೆಯರ ಎದುರು ಎತ್ತಿ ಹಿಡಿದು, "ನೋಡ್ರಿ, ದಾಕ್ಷಾಯಣಿ ಅವರ ಸಾಧನೆ" ಅಂದರಂತೆ. ಎಲ್ಲರೂ ನಕ್ಕರಂತೆ. ನಿಂತಲ್ಲೇ ಲಿಖಿತ ವಿವರಣೆ ಬರೆದುಕೊಡಬೇಕಾಯಿತಂತೆ. ಅಕ್ಕಾರು ಸಭೆಯಿಂದ ಬಂದವರೇ ನಮ್ಮನ್ನೆಲ್ಲ ತಗಡಿನ ಟ್ರಂಕಿಗೆ ತುಂಬಿದರು. ನಾಲ್ಕು ಡಾಂಬರು ಗುಳಿಗೆ ಹಾಕಿ ಕೀಲಿ ಜಡಿದರು. ಕೀಲಿಕೈ ತಾಳಿಯ ಜೊತೆ ಅವರ ಕೊರಳಿಗೆ ಹೋಯಿತು.

ಆರು ವರ್ಷ ನಾನು ಆ ಟ್ರಂಕಿನಲ್ಲಿದ್ದೆ. ಅಲ್ಲಿ ಕಾಣುವುದು ಏನೂ ಇಲ್ಲ, ಕೇಳುವುದು ಬಹಳ. ಪಕ್ಕದ ಮನೆಯ ಮಗ್ಗದ ಸದ್ದು, ಮಕ್ಕಳ ಹಾಡು, ಜೀಪಿನ ಸದ್ದು ಕೇಳಿದೊಡನೆ ಅಕ್ಕಾರ ದನಿ ನಡುಗುವುದು. ಮೇಲ್ವಿಚಾರಕಿ ಬಂದರೆ ಟ್ರಂಕಿನ ಮುಚ್ಚಳ ಒಂದು ಗೇಣು ತೆರೆಯುತ್ತಿತ್ತು. "ಎಲ್ಲಾ ಹೊಸಾವ ಅದಾವ, ಚಲೋ ಇಟ್ಟೀರಿ" ಎಂಬ ಮೆಚ್ಚುಗೆ ಬೀಳುತ್ತಿತ್ತು, ಮುಚ್ಚಳವೂ ಬೀಳುತ್ತಿತ್ತು. ವರ್ಷಕ್ಕೊಮ್ಮೆ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ಹಿಂದಿನ ದಿನ, ನಮಗೆ ನಿಜವಾದ ಬಿಡುಗಡೆ. ತೂಕದ ಯಂತ್ರ, ಕುಕ್ಕರ್, ನಾವು, ಸಾಲಾಗಿ ಮಣೆಯ ಮೇಲೆ. ಹುಸೇನಬಿ ಚೆಂಡುಹೂವಿನ ಸರ ಕಟ್ಟುತ್ತಿದ್ದಳು, ಅಕ್ಕಾರು ನನ್ನ ನಗುಮುಖಕ್ಕೆ ಕುಂಕುಮ ಹಚ್ಚುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈ ಮುಗಿದು ಹಿಡಿ ಚುರುಮುರಿ ಇಸಿದುಕೊಂಡು ಹೋಗುತ್ತಿದ್ದರು. ಬಾಯಿಗೆ ಹೋಗಬೇಕಾದ ನಾನು ಪೂಜೆಗೆ ಕೂತೆ!

ಆರನೆಯ ವರ್ಷ ಒಂದು ಸುತ್ತೋಲೆ ಬಂತು. ಹತ್ತು ವರ್ಷ ಸೇವೆಯಾದ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿಯಾಗುವ ಅವಕಾಶ. ಮೊದಲು ಲಿಖಿತ ಪರೀಕ್ಷೆ, ಗೆದ್ದವರ ಅಂಗನವಾಡಿಗೆ ಜಿಲ್ಲೆಯಿಂದ ಅಧಿಕಾರಿ ಬಂದು ಒಂದು ಬೆಳಗು ಕೂತು ಕಲಿಸುವುದನ್ನು ನೋಡುತ್ತಾರೆ. ಅಕ್ಕಾರ ಸೇವೆ ಹದಿನಾಲ್ಕು ವರ್ಷ. ವಯಸ್ಸಿನ ಮಿತಿ ದಾಟಲು ಏಳೇ ತಿಂಗಳು. ಈ ಸಲ ತಪ್ಪಿದರೆ ಇನ್ನಿಲ್ಲ.

"ಕುರ್ಚಿ ಆಸೆ ಅಲ್ಲ ಹುಸೇನಬಿ," ಅಂದರು ಒಂದು ದಿನ, ನನ್ನ ಟ್ರಂಕಿನ ಮೇಲೆಯೇ ಪುಸ್ತಕ ಹರಡಿಕೊಂಡು. "ನನ್ನ ಕೈಕೆಳಗ ಯಾವಾಕಿನೂ ನನ್ನಂಗ ನಡುಗಬಾರ್ದು. ಅದೊಂದು ಮಾಡಿ ತೋರಸಬೇಕು."

"ಆಗ್ತೀರಿ ಅಕ್ಕಾರ. ಮುಂದಿನ ಪ್ರಶ್ನಿ ಕೇಳ್ಲೇನ್ರಿ?"

ಮಕ್ಕಳು ಹೋದ ಮೇಲೆ ದಿನವೂ ಇದೇ ಪಾಠ. ಹುಸೇನಬಿ ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಓದುತ್ತಿದ್ದಳು. ಅಕ್ಕಾರು ಕಣ್ಣು ಮುಚ್ಚಿ ಉತ್ತರ ಹೇಳುತ್ತಿದ್ದರು. "ಮಗು ಆಟದ ಮೂಲಕ ಕಲಿಯುತ್ತದೆ. ಮುಟ್ಟಿ, ಕಚ್ಚಿ, ಬೀಳಿಸಿ, ಜೋಡಿಸಿ ಕಲಿಯುತ್ತದೆ." ಕೀಲಿ ಹಾಕಿದ ಟ್ರಂಕಿನ ಮೇಲೆ ಮೊಣಕೈ ಊರಿಕೊಂಡು ಈ ವಾಕ್ಯವನ್ನು ಎಷ್ಟು ಸಲ ಬಾಯಿಪಾಠ ಮಾಡಿದರೋ! ಕೆಳಗಿದ್ದ ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆ ಉತ್ತರಕ್ಕೆ ಪೂರ್ತಿ ಅಂಕ ಬಂದಿತಂತೆ.

ಇನ್ನು ಉಳಿದದ್ದು ಅಧಿಕಾರಿಯ ಭೇಟಿ. ಮೂರು ವಾರ ಮಕ್ಕಳಿಗೆ ಹಾಡಿನ ತಾಲೀಮು, ಕಥೆಯ ತಾಲೀಮು, ಕೈ ತೊಳೆಯುವ ತಾಲೀಮು. ಆಟಿಕೆಯ ತಾಲೀಮು ಮಾತ್ರ ಆಗಲಿಲ್ಲ. "ಆ ದಿನದ ತನಕ ಏನೂ ಮುರೀಬಾರ್ದು" ಎಂದು ಅಕ್ಕಾರು ಕೀಲಿಕೈ ಬಿಡಲಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಜೀಪು ನಿಂತಿತು. ಇಳಿದವರು ಮಂಡಿನೋವಿನ, ಹಳೇ ಮೈಸೂರು ಕಡೆಯ ವಯಸ್ಸಾದ ಅಧಿಕಾರಿ, ಕಾತ್ಯಾಯಿನಿ ಮೇಡಂ. ಕುರ್ಚಿ ಬೇಡವೆಂದು ಕಷ್ಟಪಟ್ಟು ಚಾಪೆಯ ಮೇಲೆ ಕೂತರು. ಹಾಡು ಆಯಿತು, ಮೇಡಂ ಏನೋ ಬರೆದುಕೊಂಡರು. ಕಥೆಯೂ ಆಯಿತು. ಎಲ್ಲ ಹೂವು ಎತ್ತಿದಷ್ಟು ಸಲೀಸು. ಆಮೇಲೆ ಅಕ್ಕಾರು ಟ್ರಂಕು ತೆರೆದು ನನ್ನನ್ನು ತಂದು, ಸೃಷ್ಟಿ ಎಂಬ ನಾಲ್ಕು ವರ್ಷದ ಹುಡುಗಿಯ ಮುಂದಿಟ್ಟರು. "ಆಡವಾ, ಸೃಷ್ಟಿ" ಅಂದರು.

ಸೃಷ್ಟಿ ನನ್ನನ್ನು ನೋಡಿದಳು. ಎದ್ದು ನಿಂತಳು. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಾಗಿಸಿ ನಮಸ್ಕಾರ ಮಾಡಿದಳು. ಅವಳನ್ನು ನೋಡಿ ಉಳಿದ ಹದಿನೇಳು ಮಕ್ಕಳೂ ಎದ್ದು ಕೈ ಮುಗಿದವು. ಒಬ್ಬ ಹುಡುಗ ಚುರುಮುರಿಗೆಂದು ಅಂಗೈ ಚಾಚಿದ.



"ಯಾಕಮ್ಮ, ಕೈ ಯಾಕೆ ಮುಗಿದೆ?" ಮೇಡಂ ಕೇಳಿದರು.

"ದೇವ್ರ ಅದು."

"ಇದರ ಜೊತೆ ಆಡಲ್ವಾ?"

"ಮುಟ್ಟಬಾರ್ದು. ಅಕ್ಕಾರು ಬೈತಾರ."

ಒಲೆಯ ಬಳಿಯಿಂದ ಹುಸೇನಬಿ ಓಡಿಬಂದಳು. "ನಿನ್ನೆ ಬಂದಾವ್ರಿ ಮೇಡಂ, ಹೊಸಾವು. ಹುಡುಗ್ರಿಗೆ ಇನ್ನಾ ರೂಢಿ ಇಲ್ರಿ."

"ಹೌದಾ? ದಾಸ್ತಾನು ಪುಸ್ತಕ ಕೊಡಿ, ನೋಡೋಣ."

ನಾವು ಬಂದ ತಾರೀಖು ಬರೆದಿದ್ದ ಆ ಪುಸ್ತಕ ಅಕ್ಕಾರ ಕೈಯಲ್ಲೇ ಇತ್ತು. ಹೆಬ್ಬೆರಳ ಬೆವರಿಗೆ ಅದರ ರಟ್ಟು ಒದ್ದೆಯಾಗಿತ್ತು. ನಾನು ನೆಲದ ಮೇಲಿಂದ ಅವರ ಮುಖ ನೋಡುತ್ತಿದ್ದೆ. ಹದಿನಾಲ್ಕು ವರ್ಷ, ಪರೀಕ್ಷೆ, ಉಳಿದ ಮೂರೇ ತಿಂಗಳು, ಎಲ್ಲ ಆ ಒಂದು ಪುಟದಲ್ಲಿ. ಪುಸ್ತಕ ಕಾಣುತ್ತಿಲ್ಲ ಅಂದುಬಿಡಲಿ ಎಂದು ನನಗೂ ಅನಿಸಿತು, ಸುಳ್ಳು ಹೇಳಬಾರದು. ಆದರೆ ಅಕ್ಕಾರು ತಾವೇ ಪುಟ ತೆರೆದು ಮೇಡಂ ಮುಂದೆ ಇಟ್ಟರು.

"ಆರು ವರ್ಷ ಆತ್ರಿ ಮೇಡಂ. ಹುಸೇನಬಿ ನನ್ನ ಉಳಸಾಕ ಸುಳ್ಳು ಹೇಳ್ಯಾಳ. ಕೀಲಿ ಹಾಕಿದಾಕಿ ನಾನ."

"ಯಾಕೆ?"

"ಅಂಜಿ ರೀ."

"ಯಾರಿಗೆ?"

"ನಿಮ್ಮಂಥೋರಿಗೆ ರೀ."

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಪೆನ್ನಿನ ಮುಚ್ಚಳ ಹಾಕಿ, ಗಡಿಯಾರ ನೋಡಿ, "ನಾನು ಹೊರಡೋದು ಹನ್ನೊಂದೂವರೆಗೆ" ಅಂದರು. 

ಅಕ್ಕಾರು ಟ್ರಂಕನ್ನು ಎತ್ತಿ ಚಾಪೆಯ ಮೇಲೆ ಬೋರಲು ಹಾಕಿದರು. ದಡದಡ ಎಲ್ಲ ಬಿದ್ದವು. ಮಕ್ಕಳು ಇನ್ನೂ ಹಿಂದೆ ಸರಿದವು. ದೇವರು ಬಿದ್ದರೆ ಯಾವ ಮಗು ತಾನೇ ಹತ್ತಿರ ಬಂದೀತು? ಅಕ್ಕಾರು ನೆಲಕ್ಕೆ ಕೂತು, ನನ್ನ ಕೆಂಪು ಬಳೆ ಕೈಗೆತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಕಟಕ್ ಎಂದು ಕಚ್ಚಿದರು. ನನ್ನ ಮೈಮೇಲೆ ಬಿದ್ದ ಮೊದಲ ಹಲ್ಲು ಮಗುವಿನದಲ್ಲ, ನಲವತ್ತೈದರ ಹೆಂಗಸಿನದು. ಸೃಷ್ಟಿ ಕಿಸಕ್ಕನೆ ನಕ್ಕಳು. ಆಮೇಲೆ ನನ್ನ ಗತಿ ಕೇಳಬೇಡಿ! ಒಂದು ಬಳೆ ಮುಂಗೈಗೆ ಹೋಯಿತು, ಇನ್ನೊಂದು ಬಾಗಿಲಾಚೆ ಉರುಳಿತು, ತಲೆ ಯಾರದೋ ಬಾಯಲ್ಲಿ. ಅಷ್ಟು ಸುಖ ನಾನು ಮತ್ತೆಂದೂ ಪಟ್ಟಿಲ್ಲ.

ಹೊತ್ತು ಮುಗಿಯುವ ಮುಂಚೆ ಸೃಷ್ಟಿ ಬಳೆಗಳನ್ನು ಕೂಡಿಹಾಕಿ ಕಂಬಕ್ಕೆ ಏರಿಸತೊಡಗಿದಳು. ಚಿಕ್ಕದು ಕೆಳಗೆ, ದೊಡ್ಡದು ಮೇಲೆ, ಪೂರಾ ತಪ್ಪು. ತಿದ್ದಲು ಅಕ್ಕಾರ ಕೈ ಮುಂದೆ ಬಂತು, ಅರ್ಧಕ್ಕೇ ಹಿಂದೆ ಹೋಯಿತು. ಸೃಷ್ಟಿ ತಲೆ ಓರೆ ಮಾಡಿ ನನ್ನನ್ನು ನೋಡಿದಳು. ಎಲ್ಲ ತೆಗೆದಳು. ದೊಡ್ಡ ಬಳೆಯನ್ನು ಮೊದಲು ಹಾಕಿದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಬರೆದರು. ಏನು ಬರೆದರೋ ತೋರಿಸದೆ ಜೀಪು ಹತ್ತಿದರು.

ಮೂರು ತಿಂಗಳು ಏನೂ ಸುದ್ದಿಯಿಲ್ಲ. ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಅಕ್ಕಾರು ಹೇಳುತ್ತಿದ್ದ ಕಥೆ ಮರೆಯುತ್ತಿದ್ದರು. ವಯಸ್ಸಿನ ಗಡುವಿಗೆ ಆರು ದಿನ ಉಳಿದಾಗ ಆದೇಶ ಬಂತು. ಬೇರೆ ತಾಲೂಕು, ನಲವತ್ತು ಅಂಗನವಾಡಿಗಳ ಮೇಲ್ವಿಚಾರಕಿ. ಹುಸೇನಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಷ್ಟರಲ್ಲಿ ನನ್ನ ಪೀಠ ಸೀಳಿತ್ತು, ಹಳದಿ ಬಳೆ ಗಟಾರದ ಪಾಲಾಗಿತ್ತು. ಹೊಸದಾಗಿ ಬಂದ ಕಾರ್ಯಕರ್ತೆ ದಾಸ್ತಾನು ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು 'ನಿರುಪಯುಕ್ತ' ಎಂದು ಬರೆದಳು. ದಾಕ್ಷಾಯಣಿ ಅಕ್ಕಾರು, ಈಗ ದಾಕ್ಷಾಯಣಿ ಮೇಡಂ, ನನ್ನನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಹೊಸ ಊರಿನ ಮೊದಲ ಸಭೆಯಲ್ಲಿ ಅವರು ನನ್ನನ್ನು ಎತ್ತಿ ಹಿಡಿದರು. "ನೋಡ್ರಿ, ಆಟಿಗಿ ಸಾಮಾನು ಹಿಂಗ ಸವದಿರಬೇಕು. ಹಲ್ಲಿನ ಗುರುತು ಕಾಣಬೇಕು. ಹೊಸಾವ ಕಂಡ್ರ ನಾ ಸಹಿ ಮಾಡಂಗಿಲ್ಲ." ಮಾತು ಒಳ್ಳೆಯದೇ. ಆದರೆ ಎತ್ತರದಿಂದ ನನಗೆ ಕಂಡದ್ದು ಬೇರೆ. ನಲವತ್ತು ತಲೆ ಬಾಗಿದ್ದವು, ನಲವತ್ತು ಪೆನ್ನು ಓಡುತ್ತಿದ್ದವು. 'ಆಟಿಕೆ ಸವೆದಿರಬೇಕು' ಎಂದು ಬರೆದುಕೊಳ್ಳುತ್ತಿದ್ದರು. ಒಬ್ಬಳ ಕೈ ನಡುಗುತ್ತಿತ್ತು.

ಆ ಕೈ ಪಲ್ಲವಿಯದೆಂದು ಮುಂದಿನ ತಿಂಗಳು ಗೊತ್ತಾಯಿತು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಎಳೆಯ ಕಾರ್ಯಕರ್ತೆ. ಅವಳ ಅಂಗನವಾಡಿಗೆ ನಾವು ಹೋಗುವಷ್ಟರಲ್ಲಿ ಆಟಿಕೆಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದ್ದಳು, ಮಕ್ಕಳು ಕೈ ಕಟ್ಟಿ ಕೂತಿದ್ದವು. ಸಾಲಿನಲ್ಲಿ ನನ್ನಂಥದೇ ಇನ್ನೊಂದು ಗೋಪುರ. ಅದರ ಮೈಯೆಲ್ಲ ಗೀರು. ನನಗೆ ನೋಡಿದೊಡನೆ ತಿಳಿಯಿತು. ಹಲ್ಲಿನ ಗುರುತು ಬಾಗಿ, ಜೋಡಿಯಾಗಿ, ತಗ್ಗಾಗಿ ಬೀಳುತ್ತದೆ. ಇಲ್ಲಿದ್ದವು ನೆಟ್ಟನೆಯ ಗೆರೆಗಳು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂದಹಾಗಾಯಿತು ಎಂದು ನಾನು ಒಳಗೊಳಗೇ ನಕ್ಕೆ. ಮೇಡಂ ನಗಲಿಲ್ಲ. ಬೆರಳಾಡಿಸಿದರು, ಬೆರಳಿಗೆ ಮರದ ಹಿಟ್ಟು ಹತ್ತಿತು. ಬಾಗಿಲಾಚೆ ನೋಡಿದರು, ನಲ್ಲಿಯ ಬಳಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಂಪು, ಹಸಿರು ಅರಗಿನ ಬರೆಗಳು.

"ಪಲ್ಲವಿ, ಇವನ್ನ ಹುಡುಗ್ರು ಕಚ್ಯಾವೇನು?"

ಪಲ್ಲವಿ ತಲೆ ತಗ್ಗಿಸಿದಳು. "ಕಲ್ಲಿಗೆ ತಿಕ್ಕೇನ್ರಿ ಮೇಡಂ." ಆಮೇಲೆ ಅವಸರದಿಂದ, ಅಳುವ ದನಿಯಲ್ಲಿ, "ಇಷ್ಟು ಸಾಕೇನ್ರಿ? ಇನ್ನಾ ಸವೀಬೇಕಂದ್ರ ತಿಕ್ಕತೇನ್ರಿ" ಅಂದಳು.

ಮೇಡಂ ಎದ್ದು ಹೊರಗೆ ಹೋಗಿ ಆ ಒಗೆಯುವ ಕಲ್ಲಿನ ಮೇಲೆಯೇ ಕೂತುಬಿಟ್ಟರು. ನಾನು ಅವರ ಕೈಯಲ್ಲಿದ್ದೆ. "ಆ ಕುದುರಿ ಎತ್ತಿ ಹಿಡದವರು... ನಾ ಯಾವಾಗ ಅವರಾದೆ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಯಾರಾದರೂ ಹೊಡೆದಿದ್ದರೂ ಆ ಮುಖ ಅಷ್ಟು ಕಂದುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಭೇಟಿ ಪುಸ್ತಕದಲ್ಲಿ ಬಂದು ಹೋದದ್ದಕ್ಕೆ ಸಹಿ ಮಾತ್ರ ಹಾಕಿ ಮುಚ್ಚಿದರು. "ಮುಂದಿನ ಮಂಗಳವಾರ ಬರ್ತೇನಿ. ತಪಾಸಣಿಗೆ ಅಲ್ಲ. ಒಂದು ತಾಸು ನಿನ್ನ ಕೂಡ ಕೆಲಸ ಮಾಡ್ತೇನಿ. ಮೂಗು ಒರಸಾಕ ನನಗ ಚಲೋ ಬರ್ತೈತಿ." ನನ್ನನ್ನು ಆ ಮಕ್ಕಳ ನಡುವೆ ಇಟ್ಟು ಹೊರಟರು.

ಪಲ್ಲವಿ ನಂಬಲಿಲ್ಲ. ಇದೂ ಒಂದು ಪರೀಕ್ಷೆ ಅಂದುಕೊಂಡಳು. ಮೇಡಂ ಮಂಗಳವಾರ ಬಂದರು, ಅದರ ಮುಂದಿನ ಮಂಗಳವಾರವೂ ಬಂದರು. ಒಮ್ಮೆ ಕಥೆ ಹೇಳಿದರು, ಒಮ್ಮೆ ಬೇಳೆ ಆರಿಸಿದರು, ಒಮ್ಮೆ ಅತಿಸಾರದ ಮಗುವಿನ ಚಡ್ಡಿ ತೊಳೆದರು. ಉಳಿದ ಅಂಗನವಾಡಿಗಳಿಗೂ ಹೀಗೇ ಹೋಗತೊಡಗಿದರಂತೆ. ನಿಮ್ಮ ತಪಾಸಣಾ ವರದಿ ಯಾಕೆ ಇಷ್ಟು ತೆಳ್ಳಗಿದೆ ಎಂದು ಮೇಲಿನ ಕಚೇರಿಯಿಂದ ಪತ್ರ ಬಂತಂತೆ. ಕಷ್ಟಪಟ್ಟು ಪಡೆದ ಹುದ್ದೆಗೆ ಎಲ್ಲಿ ಸಂಚಕಾರ ಬರುತ್ತದೋ ಎಂದು ನನಗೇ ದಿಗಿಲು. ಆದರೂ ಅವರು ಬಾಗಿಲಿಗೆ ಬಂದೊಡನೆ ಪಲ್ಲವಿ ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡು, ಕುರ್ಚಿಯ ಮೇಲೆ ಟವೆಲ್ ಹಾಸುವುದು ನಿಲ್ಲಲಿಲ್ಲ. ಹತ್ತು ತಿಂಗಳು ನಾನು ಎಣಿಸಿದ್ದೇನೆ, ಒಂದು ಸಲವೂ ತಪ್ಪಿಲ್ಲ. ಹೆದರಿಕೆ ಹೊಕ್ಕಷ್ಟು ಬೇಗ ಹೊರಡುವುದಿಲ್ಲ.

ನಾನೀಗ ಮುದುಕ. ಮೂರು ಬಳೆ ಉಳಿದಿವೆ, ನಗುಮುಖ ಅಳಿಸಿ ಬರೀ ಗುಂಡಾಗಿದೆ. ಕಂಬ ಸಡಿಲಾಗಿ ಮಕ್ಕಳ ಮಣ್ಣಿನ ರೊಟ್ಟಿಗೆ ಲಟ್ಟಣಿಗೆಯಾಗಿದೆ. ನನಗೇನೂ ಬೇಸರವಿಲ್ಲ.

ಮೊನ್ನೆ ಮಂಗಳವಾರ ಪಲ್ಲವಿ ಎರಡು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಬಳೆಗಳನ್ನು ರೊಟ್ಟಿ ಮಾಡಿಕೊಂಡು, ಸಂತೆಗೆ ಹೊರಟ ಅಜ್ಜಿಯ ಕಥೆ ಹೇಳುತ್ತಿದ್ದಳು. ದಾಕ್ಷಾಯಣಿ ಮೇಡಂ ಬಾಗಿಲಲ್ಲಿ ಬಂದು ನಿಂತರು. ಪಲ್ಲವಿ ತಲೆ ಎತ್ತಿ ನೋಡಿದಳು. ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ನಾನು ಕಾದೆ.

"ಸುಮ್ಮ ಕುಂದರ್ರಿ ಮೇಡಂ," ಅಂದಳು. "ಅಜ್ಜಿ ಇನ್ನಾ ಸಂತಿ ಮುಟ್ಟಿಲ್ಲ."

 ಮೇಡಂ ಕಣ್ಣು ತುಂಬಿದ್ದನ್ನು ನಾನು ಕೆಳಗಿನಿಂದ ಕಂಡೆ. ಆಮೇಲೆ ಚಪ್ಪಲಿ ಬಿಟ್ಟು ಬಂದು, ಮಕ್ಕಳ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕುಳಿತರು.