ಹೆಗಲಿನ ಅಚ್ಚು

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೆ ಅವನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಳ್ಳುವುದು. ಅದು ಯಾರದೋ ಕೈಯಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಹೆಂಡತಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೆಗಲಿಗೆ ಹಾಕಿ ಒತ್ತುತ್ತ ಕೂತರೆ ಮೊದಲು ಹೆಬ್ಬೆರಳಿಗೆ, ಆಮೇಲೆ ತೋರುಬೆರಳಿಗೆ, ಹೀಗೆ ಒಂದೊಂದಕ್ಕೇ ಜೀವ ಬರುತ್ತಿತ್ತು. ಕಿರುಬೆರಳಿಗೆ ಮಾತ್ರ ಬರುತ್ತಿರಲಿಲ್ಲ. ಅದು ಹೋಗಿ ವರ್ಷವಾಗಿತ್ತು.

"ಕಿರುಬೆರಳು ಬಂತಾ?" ಅವಳು ದಿನಾ ಕೇಳುತ್ತಿದ್ದಳು.

"ರಜೆ ಹಾಕಿದೆ," ಅನ್ನುತ್ತಿದ್ದ ಅವನು. "ನಮ್ಮನೇಲಿ ರಜೆ ಸಿಕ್ಕಿರೋದು ಅದಕ್ಕೊಂದಕ್ಕೇ."

ಅವನನ್ನು ಎಲ್ಲರೂ ಓರೆಯಣ್ಣ ಎಂದು ಕರೆಯುತ್ತಿದ್ದರು. ನಿಂತರೂ ನಡೆದರೂ ಅವನ ಮೈ ಬಲಕ್ಕೆ ವಾಲಿರುತ್ತಿತ್ತು, ಗಾಳಿಗೆ ಬಗ್ಗಿ ಬೆಳೆದ ಮರದ ಹಾಗೆ. ಹುಟ್ಟಿನಿಂದ ಬಂದದ್ದಲ್ಲ. ಹಲ್ಲಿನ ಕಾರ್ಖಾನೆ ಮಾಡಿದ್ದು.

ಆ ಊರಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಡುತ್ತಿದ್ದರು. ಸೈಕಲ್ಲಿನವರು ಅದನ್ನು ಕಾರ್ಖಾನೆಗೆ ತರಬೇಕು. ಅಲ್ಲಿ ಅಚ್ಚಿನೊಳಗೆ ಪ್ಲಾಸ್ಟರು ಹೊಯ್ದರೆ ರೋಗಿಯ ಬಾಯಿಯೇ ಕಲ್ಲಾಗಿ ಈಚೆ ಬರುತ್ತಿತ್ತು. ಅದರ ಮೇಲೆ ಹಲ್ಲುಸೆಟ್ಟು ಕೂರಿಸಿ, ಕಲ್ಲುಬಾಯಿಯ ಸಮೇತ ಸೈಕಲ್ಲಿನವರೇ ಮರಳಿ ಡಾಕ್ಟರಿಗೆ ಮುಟ್ಟಿಸಬೇಕು. ಒಂದು ಬಾಯಿ ಹಗುರ. ಇಪ್ಪತ್ತು ಬಾಯಿ ಸೇರಿದರೆ ಒಂದು ಕುರಿಮರಿಯ ತೂಕ. ಆ ಕುರಿಮರಿಯನ್ನು ಓರೆಯಣ್ಣ ಹತ್ತೊಂಬತ್ತು ವರ್ಷದಿಂದ ಹೊತ್ತಿದ್ದ. ಅವನ ಹೆಂಡತಿ ಅದೇ ಕಾರ್ಖಾನೆಯಲ್ಲಿ ಪ್ಲಾಸ್ಟರು ಕಲಸುವವಳು. ಅವಳಿಗೆ ಅಚ್ಚಿನಕ್ಕ ಎಂದೇ ಹೆಸರು.

ಸೈಕಲ್ಲಿನವರು ಒಂಬತ್ತು ಜನ. ತಲೆಗೆ ದಿನಕ್ಕೆ ಮೂವತ್ತೆರಡು ಬಾಗಿಲು. ಮೂವತ್ತೆರಡೂ ಮುಗಿದರೆ ಅದಕ್ಕೆ 'ಪೂರ್ತಿ ಬಾಯಿ' ಅನ್ನುತ್ತಿದ್ದರು. ಉಳಿದ ಬಾಗಿಲಿಗೆ 'ಬೊಚ್ಚು'. "ಇವತ್ತೆಷ್ಟು ಬೊಚ್ಚಪ್ಪಾ?" ಎಂದು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ರೇಗಿಸುವವರೂ ತಮ್ಮ ಬೊಚ್ಚನ್ನು ಎಣಿಸಿಕೊಳ್ಳುತ್ತಲೇ ಇದ್ದರು. ಸಾಲಾಗಿ ಮೂರು ದಿನ ಬೊಚ್ಚಾದವನ ಬೀದಿಗಳನ್ನು ಕಿತ್ತು ಬೇರೆಯವರಿಗೆ ಕೊಡುತ್ತಿದ್ದರು. ಬೀದಿ ಹೋದರೆ ಕೆಲಸ ಹೋದ ಹಾಗೆ.

ಒಂಬತ್ತು ಜನರಲ್ಲಿ ಎಂಟು ಜನ ಕಾಗೆಗಳು, ಒಬ್ಬಳು ಆಮೆ. ಬಲ ಹೆಗಲೊಂದಕ್ಕೇ ಪಟ್ಟಿ ಹಾಕಿ ಚೀಲವನ್ನು ಎದೆಗೆ ಅಡ್ಡವಾಗಿ ಎಡ ಸೊಂಟಕ್ಕೆ ಇಳಿಬಿಟ್ಟು, ಕಾಗೆಯ ಹಾಗೆ ಓರೆಯಾದವರು ಕಾಗೆಗಳು. ಬಾಗಿಲು ಬಂದರೆ ಇಳಿಯಬೇಕಾಗಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಚೀಲವನ್ನು ಸರಕ್ಕನೆ ಮುಂದಕ್ಕೆಳೆದು, ಡಬ್ಬಿ ಕೊಟ್ಟು, ಡಬ್ಬಿ ಇಸಿದುಕೊಂಡು ಹೊರಟರೆ ಆಯಿತು. ಬೆನ್ನಿಗೆ ಎರಡು ಪಟ್ಟಿಯ ಚೀಲ ಕಟ್ಟಿಕೊಂಡವಳು ಆಮೆ. ಅವಳು ಬಾಗಿಲು ಬಾಗಿಲಿಗೂ ಇಳಿಯಬೇಕು, ಎರಡೂ ತೋಳು ಬಿಡಿಸಬೇಕು, ಬಗ್ಗಬೇಕು, ಜಿಪ್ಪು ಎಳೆಯಬೇಕು, ಮತ್ತೆ ತೊಡಬೇಕು. ಆ ಹೊತ್ತನ್ನು ತುಂಬಿಸಲು ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದಳು.

"ಆಮೆಗೆ ಹೊಟ್ಟೆ ಎಲ್ಲಿರುತ್ತಣ್ಣ? ಬರೀ ಚಿಪ್ಪು," ಅನ್ನುತ್ತಿದ್ದಳು.

ಎರಡು ತಿಂಗಳ ಕೆಳಗೆ ಒಂದು ಕಾಗೆ ಬಿತ್ತು. ಸದಾ ಶಿಳ್ಳೆ ಹಾಕುತ್ತಿದ್ದುದರಿಂದ ಅವನಿಗೆ ಶಿಳ್ಳೆ ಎಂದೇ ಹೆಸರು. ತಿರುವಿನಲ್ಲಿ ಅವನ ಚೀಲ ಜಾರಿ ಮುಂದಕ್ಕೆ ಬಂತು. ಮೊಣಕಾಲಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಂಡಿತು. ಕತ್ತಿನಿಂದ ಹೆಗಲಿಗೆ ಹೋಗುವ ಎಲುಬು ಎರಡು ತುಂಡಾಯಿತು, ಎರಡು ಹಲ್ಲೂ ಹೋದವು. ಅವನು ಕೈಗೆ ಜೋಲಿ ಕಟ್ಟಿಕೊಂಡು ಕಾರ್ಮಿಕರ ಕಚೇರಿಗೆ ಅಲೆಯತೊಡಗಿದ. ಅಲ್ಲಿಂದ ಕಾರ್ಖಾನೆಗೆ ಒಂದು ಕಾಗದ ಬಂತಂತೆ. ಚೀಲ ಯಾರದು, ಇಂಥದ್ದೇ ಹಾಕು ಎಂದವರು ಯಾರು, ಎಂದು ಕೇಳಿದ್ದರಂತೆ.

ಅದಾದ ವಾರಕ್ಕೆ ಮೇನೇಜರು ಎಲ್ಲರನ್ನೂ ಕರೆದ. ಗೋಡೆಯ ಎರಡು ಮೊಳೆಗಳಿಗೆ ಎರಡು ಹೊಸ ಚೀಲ ನೇತು ಹಾಕಿದ್ದ. ಒಂದು ಓರೆಚೀಲ, ಒಂದು ಬೆನ್ನುಚೀಲ. ಇನ್ನೂ ಅಂಗಡಿಯ ವಾಸನೆ ಹೋಗಿರಲಿಲ್ಲ.

"ನಿಮ್ಮ ಮೈ, ನಿಮ್ಮ ಇಷ್ಟ," ಎಂದ. ಅವನ ದನಿ ಬೆಣ್ಣೆಯ ಹಾಗಿತ್ತು. "ಯಾರಿಗೆ ಯಾವುದು ಬೇಕೋ ಅದನ್ನೇ ಕಾರ್ಖಾನೆ ಕೊಡುತ್ತೆ. ಮೂರು ದಿನ ಹಾಕಿ ನೋಡಿ. ಸೋಮವಾರ ಈ ಫಾರಮ್ಮಲ್ಲಿ ಗುರುತು ಹಾಕಿ ಸಹಿ ಮಾಡಿ. ಬಲವಂತ ಇಲ್ಲ."

ಓರೆಯಣ್ಣ ಆ ಫಾರಮ್ಮನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ.

"ಕೇಳಿದ್ರು ನೋಡೇ," ಎಂದ ಹೆಂಡತಿಗೆ. "ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ನಿನಗೆ ಯಾವುದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ರು."

ಅಚ್ಚಿನಕ್ಕ ಬೆರಳ ಸಂದಿಯಲ್ಲಿ ಒಣಗಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. "ಕುರಿಯನ್ನೂ ಕೇಳ್ತಾರಂತೆ," ಎಂದಳು. "ಹುಲ್ಲು ಬೇಕೋ ಸೊಪ್ಪು ಬೇಕೋ ಅಂತ."

"ಎಲ್ಲದಕ್ಕೂ ನಿಂದೊಂದು ಕೊಂಕು."

"ಆಯ್ತು ಬಿಡಿ. ಬೆನ್ನಿಂದೇ ತಗೊಳ್ಳಿ. ಆ ಹೆಗಲು ಸ್ವಲ್ಪ ಉಸಿರಾಡ್ಲಿ."

ಗುರುವಾರ ಅವನು ಬೆನ್ನುಚೀಲ ತೊಟ್ಟು ಹೊರಟ. ಎರಡೂ ಹೆಗಲ ಮೇಲೆ ಭಾರ ಸಮವಾಗಿ ಕೂತಿತು. ಆ ಹಿತಕ್ಕೆ ಅವನಿಗೆ ಗಾಬರಿಯೇ ಆಯಿತು. ಆದರೆ ಬೀದಿಯ ತುದಿ ಮುಟ್ಟುವುದರೊಳಗೆ ಸೈಕಲ್ಲು ಬಲಕ್ಕೆ ಎಳೆಯತೊಡಗಿತು. ಇಳಿದು ಚಕ್ರ ನೋಡಿದ. ಸರಿಯಾಗಿತ್ತು. ಹ್ಯಾಂಡಲ್ಲು ನೋಡಿದ. ಅದೂ ಸರಿ. ಮತ್ತೆ ಹತ್ತಿದರೆ ಮತ್ತೆ ಬಲಕ್ಕೆ, ರಸ್ತೆಯ ನಡುವಿಗೆ.

ಸೈಕಲ್ ಅಂಗಡಿಯ ಮುದುಕ ಒಂದು ಸುತ್ತು ತಾನೇ ಹೊಡೆದು ಬಂದು, ಇವನು ಹೊಡೆಯುವುದನ್ನೂ ನೋಡಿದ. "ಗಾಡಿ ನೆಟ್ಟಗಿದೆಯಪ್ಪ," ಎಂದ. "ಓರೆ ಇರೋದು ನೀನು."

ಆಗ ಅವನಿಗೆ ತಿಳಿಯಿತು. ಎಡ ಸೊಂಟಕ್ಕೆ ಜೋತುಬಿದ್ದ ಚೀಲಕ್ಕೆ ಎದುರು ತೂಕವಾಗಿ ಅವನ ಮೈ ಬಲಕ್ಕೆ ವಾಲಿ ವಾಲಿ ಹಾಗೇ ನಿಂತುಬಿಟ್ಟಿತ್ತು. ಈಗ ಎಡಕ್ಕೆ ಚೀಲವಿಲ್ಲ, ಆದರೂ ಮೈ ವಾಲುವುದನ್ನು ಬಿಡದು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಉಳುವುದೇ? ಬಾಗಿಲ ಮುಂದೆ ನಿಂತರೆ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಬರಿ ಗಾಳಿಯನ್ನು ಎಳೆಯುತ್ತಿತ್ತು. ಡಾಕ್ಟರ ಬಾಗಿಲಿನ ಹುಡುಗಿ ಒಬ್ಬಳು ಕಿಸಕ್ಕೆಂದಳು.

ಗುರುವಾರ ಹನ್ನೊಂದು ಬೊಚ್ಚು. ಶುಕ್ರವಾರ ಒಂಬತ್ತು. ಶನಿವಾರ ಬೊಚ್ಚಿಲ್ಲದೆ ಮುಗಿಸುತ್ತೇನೆಂದು ಹಲ್ಲು ಕಚ್ಚಿ ತುಳಿದ. ಮಾರುಕಟ್ಟೆಯ ತಿರುವಿನಲ್ಲಿ ಸೈಕಲ್ಲು ಅವನ ಮಾತು ಕೇಳದೆ ನಡುವಿಗೆ ಹೋಯಿತು. ಎದುರಿಗೆ ಲಾರಿ. ಬ್ರೇಕು ಹಿಡಿಯಬೇಕಾದ ಬಲಗೈ ಬೆರಳುಗಳು ಅರ್ಧ ಬಂದವು, ಅರ್ಧ ಬರಲಿಲ್ಲ. ಲಾರಿಯವನೇ ಹೇಗೋ ನಿಲ್ಲಿಸಿ, ತಲೆ ಹೊರಗೆ ಹಾಕಿ, ಅವನ ತಾಯಿಯನ್ನು ಎಳೆದು ಬೈದ. ಓರೆಯಣ್ಣ ರಸ್ತೆಯಂಚಿಗೆ ಹೋಗಿ ಕೂತ. ಚೀಲದೊಳಗೆ ನಾಲ್ಕು ಬಾಯಿ ಒಡೆದಿದ್ದವು. ಯಾರದೋ ಮೇಲ್ದವಡೆ ಅವನ ಅಂಗೈಯಲ್ಲಿ ನಗುತ್ತಿತ್ತು.

ಅಂದು ಸಂಜೆ ಅವನು ಕಾರ್ಖಾನೆಗೆ ಬಂದಾಗ ಶಿಳ್ಳೆ ಗೇಟಿನ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಆಮೆ.

"ಒಳಗೆ ಮೇನೇಜರ ಹತ್ರ ಹೋಗಿದ್ದೆ ಓರೆಯಣ್ಣ," ಎಂದ ಶಿಳ್ಳೆ. ಹಲ್ಲಿಲ್ಲದ ಜಾಗದಿಂದ ಗಾಳಿ ಬರುತ್ತಿತ್ತು. ಅವನಿಗೀಗ ಶಿಳ್ಳೆ ಹಾಕಲು ಬರುತ್ತಿರಲಿಲ್ಲ. "ಆಸ್ಪತ್ರೆ ಖರ್ಚು ಕೇಳಿದ್ರೆ ನನಗೂ ಒಂದು ಫಾರಮ್ಮು ಕೊಟ್ಟ. ಹಳೇ ತಾರೀಕು ಹಾಕಿ ಸಹಿ ಮಾಡು, ಆಮೇಲೆ ನೋಡೋಣ ಅಂತಾನೆ. ನೀವೆಲ್ಲ ಕೆಳಗಡೆ ಸಣ್ಣಕ್ಷರದಲ್ಲಿ ಏನಿದೆ ಓದಿದ್ರಾ?"

ಯಾರೂ ಓದಿರಲಿಲ್ಲ. ಯಾವುದು ಬೇಕು ಎಂದು ಕೇಳಿದ್ದೇ ದೊಡ್ಡದಾಗಿತ್ತು. ಆಮೆ ಜೇಬಿನಿಂದ ತನ್ನದನ್ನು ತೆಗೆದು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. 'ಮೇಲ್ಕಂಡ ಚೀಲವನ್ನು ನಾನು ಸ್ವಂತ ಇಚ್ಛೆಯಿಂದ ಆರಿಸಿಕೊಂಡಿದ್ದೇನೆ. ಇದನ್ನು ಹೊರುವುದರಿಂದ ನನ್ನ ಶರೀರಕ್ಕೆ ಆಗಿರುವ ಮತ್ತು ಆಗಬಹುದಾದ ಯಾವುದೇ ತೊಂದರೆಗೆ ನನ್ನ ಆಯ್ಕೆಯೇ ಕಾರಣ.'

"ಆಗಿರುವ ಅಂತಾನೂ ಇದೆಯಾ?" ಎಂದ ಓರೆಯಣ್ಣ.

"ಇದೆ. ಆಗಿರುವ, ಮತ್ತು ಆಗಬಹುದಾದ."

"ಯಾವ ಬ್ಯಾಗಿಗೆ ಗುರುತು ಹಾಕಿದ್ರೆ?"

"ಯಾವುದಕ್ಕೆ ಹಾಕಿದ್ರೂ ಇದೇ ಅಣ್ಣ. ಕೆಳಗಿನ ಸಾಲು ಎರಡಕ್ಕೂ ಒಂದೇ."

ಅವನು ತನ್ನ ಕಿರುಬೆರಳನ್ನು ನೋಡಿಕೊಂಡ. ಇದನ್ನೂ ನಾನೇ ಆರಿಸಿಕೊಂಡೆ ಎಂದಾಯಿತು.

ಭಾನುವಾರ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಅಚ್ಚಿನಕ್ಕ ಬಿಸಿಬಟ್ಟೆ ತಂದಳು.

"ಸಹಿ ಹಾಕಿಬಿಡ್ತೀನಿ," ಎಂದ ಗೋಡೆಯ ಕಡೆ ಮುಖ ಮಾಡಿ. "ಹಳೇ ಬ್ಯಾಗಿಗೇ. ಇನ್ನೆಷ್ಟು ದಿನ ಈ ಕೈ ಇರುತ್ತೋ ಇರ್ಲಿ. ಹಲ್ಲಿದ್ರೆ ಕಡಲೆ ಇಲ್ಲ, ಕಡಲೆ ಇದ್ರೆ ಹಲ್ಲಿಲ್ಲ. ನಮ್ಮ ಹಣೆಬರಹ."

ಅವಳು ಬಟ್ಟೆ ಎತ್ತಿ ಅವನ ಬಲ ಹೆಗಲನ್ನು ಬಹಳ ಹೊತ್ತು ನೋಡಿದಳು. ಕತ್ತಿನಿಂದ ಎರಡು ಬೆರಳು ಈಚೆಗೆ, ಪಟ್ಟಿ ಕೂರುವ ಕಡೆ, ಒಂದು ಕಾಲುವೆ ಬಿದ್ದಿತ್ತು. ಮಳೆನೀರು ಬಿದ್ದರೆ ನಿಲ್ಲುವಷ್ಟು. ದಿನಾ ಮುಟ್ಟಿದ್ದಳು, ಅಳೆದಿರಲಿಲ್ಲ. ಈಗ ಹೆಬ್ಬೆರಳನ್ನು ಅಡ್ಡ ಇಟ್ಟು ನೋಡಿದಳು. ಹೆಬ್ಬೆರಳು ಮುಳುಗಿತು.

"ಯಾರೋ ಗೊತ್ತಿಲ್ಲದವರ ಬಾಯಿ, ಎಳ್ಳಷ್ಟು ಹೆಚ್ಚುಕಮ್ಮಿ ಆದ್ರೂ ಅಚ್ಚು ವಾಪಸ್ಸು ಕಳಿಸ್ತಾರೆ," ಎಂದಳು ನಿಧಾನವಾಗಿ. "ಬಾಯಿಗೆ ತಕ್ಕ ಹಲ್ಲಾಗ್ಬೇಕು ಅಂತಾರೆ. ಹಲ್ಲಿಗೆ ತಕ್ಕ ಹಾಗೆ ಬಾಯಿ ಕೊಯ್ಯೋದನ್ನ ಎಲ್ಲಾದ್ರೂ ಕಂಡಿದೀರಾ?"

"ಏನು ಹೇಳ್ತಿದೀಯ?"

"ಎದ್ದು ಕೂತ್ಕೊಳ್ಳಿ. ಅಂಗಿ ತೆಗೀರಿ."

ಕಾರ್ಖಾನೆಯಲ್ಲಿ ತೇವಕ್ಕೆ ಅಲ್ಲಲ್ಲಿ ಉಂಡೆಗಟ್ಟಿದ ಪ್ಲಾಸ್ಟರಿನ ಪುಡಿಯನ್ನು ಹಲ್ಲಿಗೆ ಆಗದೆಂದು ಹಿತ್ತಿಲಿಗೆ ಬಿಸಾಡುತ್ತಿದ್ದರು. ಒಲೆಯ ಹಿಂದಿನ ತೂತು ಮುಚ್ಚಲು ಅವಳು ಅದನ್ನು ಒಂದು ಮೂಟೆ ತಂದಿಟ್ಟಿದ್ದಳು. ಅದನ್ನು ಕುಟ್ಟಿ ಜರಡಿ ಹಿಡಿದಳು. ಹೆಗಲಿಗೆ ಎಣ್ಣೆ ಸವರಿ, ಕಲಸಿದ ಪ್ಲಾಸ್ಟರನ್ನು ತೆಳ್ಳಗಿನ ಬಟ್ಟೆಯ ಜೊತೆ ಪದರ ಪದರವಾಗಿ ಹಚ್ಚಿದಳು. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆ ಬಿಸಿ ಎಲುಬಿನವರೆಗೂ ಇಳಿಯಿತು. ಓರೆಯಣ್ಣನಿಗೆ ಕಣ್ಣಲ್ಲಿ ನೀರು ಬಂತು.

"ಸುಡ್ತಿದೆಯಾ?"

"ಇಲ್ಲ. ಹಿತವಾಗಿದೆ. ತೆಗೀಬೇಡ."

ಅಚ್ಚು ಬಿಡಿಸಿ, ಅದರೊಳಗೆ ಸಾಬೂನು ನೀರು ಸವರಿ, ಮತ್ತೆ ಪ್ಲಾಸ್ಟರು ಹೊಯ್ದಳು. ಮಧ್ಯಾಹ್ನ ಒಡೆದು ತೆಗೆದಾಗ ನೆಲದ ಮೇಲೆ ಒಂದು ಬಿಳಿ ಹೆಗಲು ಕೂತಿತ್ತು. ತನ್ನ ಹೆಗಲನ್ನು ಅವನು ಮೊದಲ ಸಲ ಎದುರಿಗಿಟ್ಟುಕೊಂಡು ನೋಡಿದ. ಯಾರನ್ನೋ ನೋಡಿದ ಹಾಗೆ ಅಯ್ಯೋ ಅನ್ನಿಸಿತು.

ಅವನು ಸೈಕಲ್ಲು ತೆಗೆದುಕೊಂಡು ಆಮೆಯ ಮನೆಗೆ ಹೋದ. ಆಮೆ ಉಳಿದವರ ಮನೆಗಳಿಗೆ ಹೋದಳು. ಅಂದು ರಾತ್ರಿಯವರೆಗೂ ಅಚ್ಚಿನಕ್ಕ ಬಂದವರೆಲ್ಲರ ಹೆಗಲಿಗೂ ಪ್ಲಾಸ್ಟರು ಹಚ್ಚಿದಳು.

ಸೋಮವಾರ ಬೆಳಿಗ್ಗೆ ಮೇನೇಜರು ಮೇಜಿನ ಹಿಂದೆ ಕೂತು ಪೆನ್ನು ತೆರೆದಿಟ್ಟುಕೊಂಡಿದ್ದ. ಜೋಲಿ ಕಟ್ಟಿದ ಶಿಳ್ಳೆಯೂ ಸೇರಿ ಒಂಬತ್ತು ಜನವೂ ಒಳಗೆ ಬಂದರು.

"ಮೊದಲು ಓರೆಯಣ್ಣ," ಎಂದ ಮೇನೇಜರು. "ನಿಂದು ಮೂರು ದಿನ ಬೊಚ್ಚು."

"ಹಾಕಿ ನೋಡಿ ಅಂತ ನೀವೇ ಅಂದ್ರಿ, ಸಾರ್."

"ಹಾಕಿ ನೋಡು ಅಂದೆ. ಬಾಗಿಲು ಬಿಡು ಅಂದ್ನಾ? ಬೀದಿ ಕಿತ್ಕೋಬೇಕು. ಹೋಗ್ಲಿ, ಹಳಬ ಅಂತ ಒಂದು ಅವಕಾಶ ಕೊಡ್ತೀನಿ. ಹಳೇ ಬ್ಯಾಗಿಗೇ ಗುರುತು ಹಾಕಿ ಸಹಿ ಮಾಡು. ಬೀದಿ ಉಳಿಯುತ್ತೆ."

ಆ ಪೆನ್ನು ಅಷ್ಟು ಹತ್ತಿರವಿತ್ತು. ಓರೆಯಣ್ಣನ ಬಲಗೈ ಮೇಜಿನ ಅಂಚಿನವರೆಗೂ ಹೋಯಿತು. ಹೆಬ್ಬೆರಳು, ತೋರುಬೆರಳು ಪೆನ್ನನ್ನು ಮುಟ್ಟಿದವು. ಕಿರುಬೆರಳು ಮಾತ್ರ ಕೆಳಗೆ ಜೋತು ಬಿದ್ದೇ ಇತ್ತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಓರೆಚೀಲವನ್ನು ಅಭ್ಯಾಸದಂತೆ ಸರಕ್ಕನೆ ಮುಂದಕ್ಕೆಳೆದು, ಒಳಗಿಂದ ಬಿಳಿ ಹೆಗಲನ್ನು ತೆಗೆದು ಫಾರಮ್ಮಿನ ಮೇಲಿಟ್ಟ.

"ಇದೇನಿದು?"

"ಅಚ್ಚು ಸಾರ್. ಅಳತೆ ತಗೊಳ್ಳಿ. ಇದಕ್ಕೆ ಸರಿಹೋಗೋ ಬ್ಯಾಗು ಯಾವುದು ಅಂತ ನೀವೇ ಆರಿಸಿ. ಆರಿಸಿದ್ದು ನೀವೇ ಅಂತ ಕೆಳಗೆ ಸಹಿ ಹಾಕಿ. ಹೊರ್ತೀವಿ."

ಅವನ ಪಕ್ಕದಲ್ಲಿ ಆಮೆ ತನ್ನದನ್ನು ಇಟ್ಟಳು. ಎರಡು ಹೆಗಲು, ನಡುವೆ ಗೂನು ಬಿದ್ದ ಬೆನ್ನು. ಆಮೇಲೆ ಒಬ್ಬೊಬ್ಬರಾಗಿ ಇಟ್ಟರು. ಮೇಜಿನಲ್ಲಿ ಜಾಗ ಸಾಲದೆ ಒಬ್ಬ ಕುರ್ಚಿಯ ಮೇಲಿಟ್ಟ. ಕೊನೆಗೆ ಶಿಳ್ಳೆ ಒಂದೇ ಕೈಯಲ್ಲಿ ತನ್ನದನ್ನು ತಂದಿಟ್ಟ. ಅದರ ಎಲುಬಿನ ಮೇಲೆ ಗಂಟು ಎದ್ದಿತ್ತು.

"ತೆಗೀರಿ ಈ ಕಸಾನ," ಎಂದ ಮೇನೇಜರು. ಬೆಣ್ಣೆ ಕರಗಿತ್ತು. "ನಿಮ್ಮೆಲ್ಲರ ಬೀದಿ ನಾಳೆಯೇ ಬೇರೆಯವರಿಗೆ ಹೋಗುತ್ತೆ. ಗೇಟಿನ ಹೊರಗೆ ಸಾಲು ನಿಂತಿದಾರೆ, ಗೊತ್ತಾ?"

"ಗೊತ್ತು ಸಾರ್," ಎಂದಳು ಆಮೆ. "ಆ ಸಾಲಿನಿಂದಾನೇ ನಾವೂ ಬಂದಿದ್ದು. ಬಂದಾಗ ನಮಗೂ ನೆಟ್ಟಗಿರೋ ಹೆಗಲೇ ಇತ್ತು."

ಮೇನೇಜರು ಎದ್ದು ತಾನೇ ತೆಗೆಯಹೋದ. ಓರೆಯಣ್ಣನ ಹೆಗಲನ್ನು ಎತ್ತಲು ಹಿಡಿದಾಗ ಅವನ ಹೆಬ್ಬೆರಳು ಆ ಕಾಲುವೆಯೊಳಗೆ ಇಳಿಯಿತು. ಬಿಸಿ ಮುಟ್ಟಿದವನಂತೆ ಕೈ ತೆಗೆದ.

ಫೋನು ಹೊಡೆದುಕೊಳ್ಳತೊಡಗಿತು, ಮೇನೇಜರು ಎತ್ತಿದ. ಯಾರೋ ಡಾಕ್ಟರು, ರೋಗಿ ಬಾಯಿ ತೆರೆದುಕೊಂಡು ಕೂತಿದ್ದಾನೆ, ಸೆಟ್ಟು ಎಲ್ಲಿ ಎಂದು ಕೇಳುತ್ತಿದ್ದರು. ಅಂಗಳದ ಗೋಡೆಗೆ ಎಂಟು ಸೈಕಲ್ಲು ಒರಗಿದ್ದವು. ನಾಳೆ ಏನು ಎಂಬುದು ಓರೆಯಣ್ಣನಿಗೆ ಗೊತ್ತಿರಲಿಲ್ಲ. ಅವನು ಬಲಕ್ಕೆ ವಾಲಿಯೇ ನಿಂತಿದ್ದ, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಒಳಗಿನ ಕೋಣೆಯಲ್ಲಿ ಬೆಳಗಿನಿಂದ ಕೇಳುತ್ತಿದ್ದ ಕಲಸುವ ಸದ್ದು ನಿಂತಿತು. ಅಚ್ಚಿನಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಬಟ್ಟಲಿನಲ್ಲಿ ಪ್ಲಾಸ್ಟರು, ನೆಟ್ಟಗೆ ನಿಂತ ಚಮಚದ ಸಮೇತ, ಗಟ್ಟಿಯಾಗುತ್ತಿತ್ತು.